ಮೇಲ್ಮನವಿಯೂ ಮಾನವೂ

ಸರಕಾರದಿಂದ ತನಗೆ ಸಲ್ಲತಕ್ಕ ಸಹಾಯಧನವನ್ನು ಕೇಳಿ, ‘ಇಲ್ಲ’ ಎಂಬ ಉತ್ತರವನ್ನು ಪಡೆದ ಅಂಗವಿಕಲನು ಅಲ್ಲಿಗೇ ಸುಮ್ಮನಾಗಬೇಕೆ, ಇಲ್ಲವೆ ಮೇಲಿನವರಲ್ಲಿ ಮೊರೆಯಿಡಬೇಕೆ? ಇದು ಕಾನೂನಿನ ಪ್ರಶ್ನೆಯಂತೆ ತೋರಿದರೂ ಮೂಲದಲ್ಲಿ ನೀತಿಯ ಪ್ರಶ್ನೆಯಾಗಿದೆ. ಏಕೆಂದರೆ ಮಾನವಂತರಾದ ಅನೇಕರು ಮೇಲ್ಮನವಿಯ ದಾರಿ ಹಿಡಿಯದಿರುವುದು ಅಜ್ಞಾನದಿಂದ ಮಾತ್ರವಲ್ಲ. ಒಮ್ಮೆ ಇಲ್ಲವೆಂದವರ ಬಾಗಿಲಲ್ಲಿ ಮತ್ತೊಮ್ಮೆ ನಿಲ್ಲುವುದು ಹೇಗೆಂಬ ಸಂಕೋಚದಿಂದಲೂ ಹೌದು. ಈ ಸಂಕೋಚವು ಗೌರವಕ್ಕೆ ಅರ್ಹವಾದುದೇ. ಆದರೆ ಅದು ಇಲ್ಲಿ ಸ್ಥಾನ ತಪ್ಪಿ ಬಂದಿದೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಯೂ, ಅದರ ಸುತ್ತ ಹಬ್ಬಿದ ಸಣ್ಣ ಕಾರ್ಖಾನೆಗಳೂ, ಕಾರ್ಮಿಕರಿಗಾಗಿಯೇ ನಿಂತ ಇ.ಎಸ್.ಐ. ಆಸ್ಪತ್ರೆಯೂ ಇವೆ. ಇಂಥ ಒಂದು ಕಾರ್ಖಾನೆಯಲ್ಲಿ ಒತ್ತುಯಂತ್ರಕ್ಕೆ ಹೆಬ್ಬೆರಳನ್ನು ತೆತ್ತ ಕೆಲಸಗಾರನೊಬ್ಬನನ್ನು ಊಹಿಸಿಕೊಳ್ಳಬಹುದು. 1948ರ ವಿಮಾ ಅಧಿನಿಯಮದ ಪಟ್ಟಿಯಲ್ಲಿ ಹೆಬ್ಬೆರಳಿನ ನಷ್ಟಕ್ಕೆ ನೂರಕ್ಕೆ 30, ತೋರುಬೆರಳು ಪೂರ್ತಿಯಾಗಿ ಹೋದರೆ 14, ಒಂದೇ ಕೈಯ ನಾಲ್ಕು ಬೆರಳುಗಳಿಗೆ 50 ಎಂದು ದುಡಿಮೆಯ ಶಕ್ತಿಯ ನಷ್ಟವನ್ನು ಗೊತ್ತುಮಾಡಿದ್ದರು. ಪಟ್ಟಿಗೆ ಸಿಗದ ಗಾಯಗಳನ್ನು ವೈದ್ಯರ ಮಂಡಲಿಯು ಅಳೆಯುತ್ತಿತ್ತು. ಆ ಅಳತೆಯು ಒಪ್ಪಿಗೆಯಾಗದವನಿಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಲಿಯನ್ನೂ ವಿಮಾ ನ್ಯಾಯಾಲಯವನ್ನೂ ಅದೇ ಅಧಿನಿಯಮವು ತೋರಿಸಿಕೊಟ್ಟಿತ್ತು. ಅದರ ಸ್ಥಾನಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಬಾಗಿಲನ್ನು ಮುಚ್ಚಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. 2019ರ ಜುಲೈ ತಿಂಗಳಿಂದ ಈ ವಿಮೆಗಾಗಿ ಕೂಲಿಯ ನೂರಕ್ಕೆ 0.75 ಭಾಗವು ಕೆಲಸಗಾರನಿಂದಲೂ 3.25 ಭಾಗವು ಯಜಮಾನನಿಂದಲೂ ಸಲ್ಲುತ್ತ ಬಂದಿದೆ. ಹೀಗೆ ಬೆವರಿನಿಂದ ತುಂಬಿದ ನಿಧಿಯಲ್ಲಿ ತನ್ನ ಪಾಲನ್ನು ಕೇಳುವವನು ಯಾಚಕನು ಹೇಗಾದಾನು? ಬಸವೇಶ್ವರರ ಹೆಸರನ್ನೇ ಧರಿಸಿದ ಬಡಾವಣೆಯು ಹತ್ತಿರದಲ್ಲಿರುವಾಗ, ಕಾಯಕದ ಫಲವನ್ನು ಕೇಳುವುದು ದೈನ್ಯವಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹಾಗಾದರೆ ಏನನ್ನೂ ಕಟ್ಟದೆ ಪಡೆಯುವ ಅಂಗವಿಕಲರ ಪಿಂಚಣಿಯು ಭಿಕ್ಷೆಯಾಯಿತೆ ಎಂಬ ಶಂಕೆಯು ಏಳಬಹುದು. ಅದೂ ಅಲ್ಲ. ಬೊಕ್ಕಸವು ಎಲ್ಲರದು, ಒಂದು ಸಾಬೂನನ್ನು ಕೊಳ್ಳುವ ಬಡವನೂ ಅದಕ್ಕೆ ತೆರಿಗೆ ತೆರುತ್ತಾನೆ. ಅಂಗವಿಕಲರ ಕುರಿತಾದ 2016ರ ಅಧಿನಿಯಮದ ಹೆಸರಿನಲ್ಲಿಯೇ ‘ಹಕ್ಕು’ ಎಂಬ ಮಾತಿದೆ. ಪ್ರಮಾಣಪತ್ರವನ್ನು ಕೊಡುವ ಅಧಿಕಾರಿಯ ತೀರ್ಮಾನದ ಮೇಲೆ ಮೇಲ್ಮನವಿ ಮಾಡಲು ಅದರ 59ನೆಯ ಪ್ರಕರಣವು ಅವಕಾಶವಿತ್ತಿದೆ.

ಈ ಅವಕಾಶವು ಏತಕ್ಕೆ ಬೇಕಾಯಿತು? ಮನುಷ್ಯನ ಕಷ್ಟವನ್ನು ನೂರರ ಲೆಕ್ಕದಲ್ಲಿ ಅಳೆಯುವ ಕೆಲಸವು ತಪ್ಪಿಗೆ ಬಹಳ ಸಮೀಪವಾದುದರಿಂದ. ಆ ಅಧಿನಿಯಮದ ವಿಶೇಷ ಸೌಲಭ್ಯಗಳಿಗೆ ನೂರಕ್ಕೆ 40 ಎಂಬುದು ಗೆರೆ. ಕೇಂದ್ರ ಸರಕಾರವು 2009ರಲ್ಲಿ ಆರಂಭಿಸಿದ ಅಂಗವಿಕಲರ ಪಿಂಚಣಿಗೆ 80. ಮೂವತ್ತೊಂಬತ್ತಕ್ಕೂ ನಲವತ್ತಕ್ಕೂ ನಡುವೆ ಕಣ್ಣಿಗೆ ಕಾಣುವ ಭೇದವಿಲ್ಲ. ಆದರೆ ಒಂದು ಸಂಸಾರದ ಅನ್ನವು ಆ ಒಂದಂಕದ ಮೇಲೆ ನಿಂತಿರಬಹುದು. ಅಂಗದ ನಷ್ಟ ಬೇರೆ, ಬದುಕಿನ ನಷ್ಟ ಬೇರೆ. ಎಡಗೈಯನ್ನು ಮೊಣಕೈಯ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬನು ಒಂದೇ ಕೈಯಿಂದ ಬಡಗಿತನ ಮಾಡಲಾರನಾದುದರಿಂದ ಅವನ ನಷ್ಟವು ಪೂರ್ಣವಾದುದೆಂದು 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಪಟ್ಟಿಯು ಕೈಯನ್ನು ಕಂಡಿತು. ನ್ಯಾಯವು ಬಡಗಿಯನ್ನು ಕಂಡಿತು.

ಅಧಿಕಾರಿಗಳ ಪಕ್ಷದಲ್ಲಿಯೂ ಹೇಳತಕ್ಕ ಮಾತಿದೆ. ಸುಳ್ಳು ಪ್ರಮಾಣಪತ್ರವನ್ನು ತರುವವರಿಲ್ಲದಿಲ್ಲ. ಅಪಾತ್ರನಿಗೆ ಹೋದ ಹಣವು ಪಾತ್ರನ ಬಾಯಿಂದ ಕಿತ್ತುದೇ ಸರಿ. ಆದುದರಿಂದ ಪರೀಕ್ಷೆಯ ಬಿಗಿಯನ್ನು ದೂಷಿಸಲಾಗದು. ತಿರಸ್ಕೃತನಾದ ಪ್ರತಿಯೊಬ್ಬನೂ ಅನ್ಯಾಯಕ್ಕೆ ಗುರಿಯಾದನೆಂದೂ ಹೇಳಲಾಗದು. ಆದರೆ ಕಾರಣವನ್ನು ಹೇಳದ ನಿರಾಕರಣೆಗೆ ಸಮರ್ಥನೆಯಿಲ್ಲ. 2011ರ ಕರ್ನಾಟಕದ ಸಕಾಲ ಅಧಿನಿಯಮವು, ತನ್ನ ವ್ಯಾಪ್ತಿಗೆ ಸೇರಿದ ಸೇವೆಗಳಲ್ಲಿ, ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿಯು ಕಾರಣವನ್ನು ಬರೆದು ತಿಳಿಸಬೇಕೆಂದು ವಿಧಿಸಿರುವುದು ಈ ದೃಷ್ಟಿಯಿಂದಲೇ. ಬರೆದ ಕಾರಣಕ್ಕೆ ಉತ್ತರ ಹೇಳಬಹುದು, ಮೌನಕ್ಕೆ ಉತ್ತರವಿಲ್ಲ. ಪ್ರಾಮಾಣಿಕನಾದ ಅಧಿಕಾರಿಗೆ ಮೇಲ್ಮನವಿಯು ಅವಮಾನವಲ್ಲ. ತನ್ನ ತಕ್ಕಡಿಯನ್ನು ಮತ್ತೊಬ್ಬನು ಸರಿನೋಡುವುದಕ್ಕೆ ಅಂಜುವವನು ವ್ಯಾಪಾರಿಯಲ್ಲ.

ಇನ್ನುಳಿದದ್ದು ಅತ್ಯಂತ ಕಠಿನವಾದ ಅಂಶ. ಯಾವನಿಗೆ ಈ ಹಣವು ಅತ್ಯಗತ್ಯವೋ ಅವನೇ ಮೇಲ್ಮನವಿಗೆ ಅತ್ಯಂತ ಅಶಕ್ತನು. ನಡೆಯಲಾರದವನು ಕಚೇರಿಗೆ ನಡೆಯಬೇಕು. ಕಾಣದವನು ಆಜ್ಞಾಪತ್ರವನ್ನು ಓದಬೇಕು. ಮನಸ್ಸು ನೊಂದವನು ಗಡುವಿನ ದಿನಗಳನ್ನು ಎಣಿಸಬೇಕು. ಹೀಗಿರುವಲ್ಲಿ ಹಕ್ಕು ಕಾಗದದಲ್ಲಿ ಉಳಿಯುವುದೋ ಮನೆಗೆ ಬರುವುದೋ ಎಂಬುದು ನೆರೆಯವರನ್ನು ಅವಲಂಬಿಸಿದೆ. ವಿಜಯನಗರದಲ್ಲಿಯಾಗಲಿ ಕೆಂಗೇರಿಯಲ್ಲಿಯಾಗಲಿ ಓದುಬರಹ ಬಲ್ಲ ಮನೆಗಳಿಗೆ ಕೊರತೆಯಿಲ್ಲ. ತಿರಸ್ಕಾರದ ಕಾಗದವನ್ನು ಓದಿ ಹೇಳುವುದು, ಅದರ ತಾರೀಖನ್ನು ಗುರುತಿಸಿ ಗಡುವಿನೊಳಗೆ ಮನವಿಯನ್ನು ಬರೆದುಕೊಡುವುದು, ಆಸ್ಪತ್ರೆಯ ದಾಖಲೆಗಳನ್ನು ಜೋಡಿಸುವುದು, ಕಚೇರಿಗೆ ಜೊತೆಯಾಗಿ ಹೋಗುವುದು: ಇವುಗಳಿಗೆ ಐಶ್ವರ್ಯವು ಬೇಡ, ಒಂದೆರಡು ಮಧ್ಯಾಹ್ನಗಳು ಸಾಕು.

ಮೇಲ್ಮನವಿಯು ಫಲಿಸೀತು, ಫಲಿಸದಿದ್ದೀತು. ಆದರೆ ಸತ್ಯವಾದ ಮನವಿಯನ್ನು ಮಾಡಿದವನು ಬಾಗಿಲಲ್ಲಿ ಕೈಯೊಡ್ಡಿದವನಲ್ಲ. ಅಳತೆಯನ್ನು ಮತ್ತೊಮ್ಮೆ ನೋಡಿರೆಂದು ಹೇಳಿದವನು. ಅದರಿಂದ ಅವನ ಮಾನಕ್ಕೆ ಕುಂದಿಲ್ಲ. ಕುಂದು ಬರುವುದಾದರೆ, ಅವನನ್ನು ಒಬ್ಬನೇ ಹೋಗಗೊಟ್ಟ ನೆರೆಹೊರೆಗೆ.