‘ನಿರೋಧ’ ಶಬ್ದದ ಎರಡು ಮುಖಗಳು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ನಿರೋಧವನ್ನೇ ಸಂವರವೆಂದು ಕರೆದಿದ್ದಾರೆ. ಇಚ್ಛೆಯ ನಿರೋಧವೇ ತಪಸ್ಸೆಂಬುದಂತೂ ಶ್ರಾವಕರ ಮನೆಮಾತು. ಇಷ್ಟು ಪೂಜ್ಯವಾದ ಈ ಶಬ್ದವು ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಒಂದು ದೋಷದ ಹೆಸರಾಗಿ ಬಂದಿರುವುದನ್ನು ಅನೇಕರು ಗಮನಿಸುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ.

ರುಧ್ ಧಾತುವಿಗೆ ತಡೆಯುವುದೆಂದು ಅರ್ಥ. ತನ್ನ ಇಚ್ಛೆಯನ್ನು ತಾನು ತಡೆದರೆ ತಪಸ್ಸು. ಪರರ ತುತ್ತನ್ನು ತಡೆದರೆ ಹಿಂಸೆಯ ನೆರಳು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇಲ್ಲಿ ಹಸು ಮೊದಲಾದವುಗಳಿಗೆ ಹಸಿವು ನೀರಡಿಕೆಗಳ ಬಾಧೆಯುಂಟುಮಾಡುವುದನ್ನು ಹೇಳುತ್ತಾರೆ. ಕಟ್ಟಿದ ಹಸು ಬೇರೆಡೆ ಹೋಗಿ ಮೇಯಲಾರದು. ಮನೆಯ ಮಗುವಿನ ಸ್ಥಿತಿಯೂ ಅದೇ.

ಮೈಸೂರಿನ ವಿದ್ಯಾರಣ್ಯಪುರಂನಲ್ಲಾಗಲಿ ಹಳ್ಳಿಯಲ್ಲಾಗಲಿ, ದಶಲಕ್ಷಣ ಪರ್ವದಲ್ಲಿ ಶಾಲೆಗೆ ಹೋಗುವ ಮಗುವಿನಿಂದ ಉಪವಾಸ ಮಾಡಿಸಬೇಕೆಂಬ ಹಿರಿಯರ ಉತ್ಸಾಹ ಅಪರೂಪವಲ್ಲ. ಕೃತ, ಕಾರಿತ, ಅನುಮೋದಿತಗಳಿಗೆ ಸಮಾನ ಫಲವಲ್ಲವೇ, ಮಾಡಿಸಿದವರಿಗೂ ಪುಣ್ಯವಲ್ಲವೇ ಎಂದು ಅವರು ಕೇಳುವರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾಡಿಸಲು ಮೊದಲು ಅಲ್ಲೊಂದು ವ್ರತವಿರಬೇಕು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಸ್ವಾಮಿಗಳು ವ್ರತದ ಲಕ್ಷಣ ಹೇಳುವಾಗ ‘ಅಭಿಸಂಧಿ’ ಎಂಬ ಮಾತನ್ನು ಸೇರಿಸಿದ್ದಾರೆ. ಎಂದರೆ ಬುದ್ಧಿಪೂರ್ವಕವಾದ ಸಂಕಲ್ಪ. ಅದಿಲ್ಲದ ಹಸಿವು ಬರಿಯ ಹಸಿವು. ಸೆರೆಮನೆಯಲ್ಲಿ ಬದ್ಧನಾದವನು ನಿರುಪಾಯನಾಗಿ ಸಹಿಸುವ ಹಸಿವೆಯನ್ನು ಪೂಜ್ಯಪಾದರು ಅಕಾಮನಿರ್ಜರೆಗೆ ಉದಾಹರಿಸಿದ್ದಾರೆ. ಅದಕ್ಕೂ ದೇವಾಯುವಿನ ಫಲ ಹೇಳಿದೆ, ನಿಜ. ಆದರೆ ಆ ಫಲ ಸಹಿಸಿದವನದು, ಸೆರೆಯ ಕಾವಲುಗಾರನದಲ್ಲ. (ಜ್ವರದಲ್ಲಿ ವೈದ್ಯನು ಹೇಳುವ ಲಂಘನದ ಮಾತು ಬೇರೆ. ಅಲ್ಲಿ ತಡೆಯುವ ಕೈಯ ಉದ್ದೇಶ ರೋಗಿಯ ಕ್ಷೇಮ.)

ಕನ್ನಡವೂ ಇದನ್ನು ಬಲ್ಲದು. ‘ನೋಂಪಿ’ ಹುಟ್ಟಿದ್ದು ‘ನೋನ್’ ಎಂಬ ಕ್ರಿಯಾಪದದಿಂದ. ಶ್ರವಣಬೆಳಗೊಳದ ಚಂದ್ರಗಿರಿಯ ಏಳನೆಯ ಶತಮಾನದ ಶಾಸನಗಳಲ್ಲಿ ಸಮಾಧಿಮರಣ ಪಡೆದವರ ಬಗೆಗೆ ‘ನೋನ್ತು’ ಎಂದಿದೆ. ನೋಂತವರು ಅವರೇ, ಅವರ ಪರವಾಗಿ ಬೇರೊಬ್ಬರು ನೋನಲಿಲ್ಲ.

ಹಾಗಾದರೆ ಮಕ್ಕಳಿಗೆ ಶಿಕ್ಷಣವೇ ಬೇಡವೇ? ಬೇಕು. ಸಮಂತಭದ್ರರು ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯದನ್ನು ಯಮವೆಂದೂ ವಿಂಗಡಿಸಿ, ನಿಯಮಕ್ಕೆ ಒಂದು ಹಗಲು, ಒಂದು ರಾತ್ರಿಯ ಅವಧಿಯನ್ನೂ ಒಪ್ಪಿದ್ದಾರೆ. ಊಟಕ್ಕೆ ಕುಳಿತ ಮಗುವನ್ನು ಹಿರಿಯರು ಕೇಳಬಹುದು: ಇಂದು ಏನನ್ನು ಬಿಡುವೆ? ಬೆಲ್ಲ ಎಂದು ಅದು ಹೇಳಿದರೆ ಸಂಜೆಯವರೆಗೆ ಬೆಲ್ಲವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಡಿಸತಕ್ಕದ್ದು.