ಇಬ್ಬರ ಕರಸ್ಥಲದಲ್ಲಿ ಒಂದೇ ಲಿಂಗ

ವೀರಶೈವ ಗೃಹಸ್ಥನ ಮನೆಯಲ್ಲಿ ಶಿಶುವು ಜನಿಸಿದೊಡನೆ ಗುರುಜಂಗಮರನ್ನು ಬರಮಾಡಿಕೊಂಡು ಅದಕ್ಕೆ ಲಿಂಗಧಾರಣೆ ಮಾಡಿಸುವುದು ಪರಂಪರಾಗತವಾದ ಆಚಾರವು. ಆ ಕೂಸು ಇನ್ನೂ ತಾಯಿಯ ಮುಖವನ್ನೇ ಗುರುತಿಸಿರುವುದಿಲ್ಲ. ಅದು ಮುಂದೆ ಚತುರನಾಗುವುದೋ ಮಂದನಾಗುವುದೋ, ಮನೆತನವನ್ನು ಬೆಳಗುವುದೋ ಬಳಲಿಸುವುದೋ ಯಾರೂ ಅರಿಯರು. ಗುರುವು ಅದನ್ನು ಕೇಳುವುದೂ ಇಲ್ಲ. ಎರಡು ಮೂರು ವರ್ಷಗಳ ತರುವಾಯ ಅದೇ ತೊಟ್ಟಿಲಿನಲ್ಲಿ ಎರಡನೆಯ ಗಂಡುಕೂಸು ಮಲಗಿದಾಗಲೂ ಅದೇ ಭಸ್ಮ, ಅದೇ ಮಂತ್ರ, ಅದೇ ಇಷ್ಟಲಿಂಗ. ಹಿರಿಯನಿಗೆ ಹಿರಿದಾದ ಲಿಂಗ, ಕಿರಿಯನಿಗೆ ಕಿರಿದಾದ ಲಿಂಗವೆಂಬ ಕಟ್ಟಳೆಯು ಈ ಧರ್ಮದಲ್ಲಿ ಇಲ್ಲ. ಇಷ್ಟನ್ನು ಎಲ್ಲ ಭಕ್ತರೂ ಬಲ್ಲರು. ಆದರೆ ತೊಟ್ಟಿಲಿನ ಬಳಿಯಲ್ಲಿ ಬಲ್ಲದ್ದನ್ನು ಅಡಿಗೆಮನೆಯಲ್ಲಿ ಮರೆಯುವುದು ಹೇಗೆಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಶಿಗ್ಗಾವಿ ತಾಲೂಕಿನ ಹುಲಗೂರಿನಂತಹ ಒಂದು ಊರನ್ನು ತೆಗೆದುಕೊಳ್ಳಿರಿ. ಅಲ್ಲಿಯ ಒಂದು ಒಕ್ಕಲು ಮನೆಯಲ್ಲಿ ಎಂಟು ವರ್ಷದವನೊಬ್ಬ, ಐದು ವರ್ಷದವನೊಬ್ಬ, ಹೀಗೆ ಇಬ್ಬರು ಹುಡುಗರು. ತಂದೆಯು ಬೆಳಕು ಹರಿಯುವ ಮೊದಲೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದಾನೆ. ತಾಯಿಯು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿರುವಳು. ಹುಡುಗರಿಬ್ಬರಿಗೂ ಒಂದೇ ಬೆಲ್ಲದ ಹೆಂಟೆಯು ಬೇಕು, ಒಂದೇ ಪಾಟಿಯು ಬೇಕು, ಅವ್ವನ ಎಡಮಗ್ಗುಲು ಇಬ್ಬರಿಗೂ ಬೇಕು. ಜಗಳವಾಗುತ್ತದೆ, ಅಳು ಏಳುತ್ತದೆ. ಗಳಿಗೆಯೊಳಗೆ ಇಬ್ಬರೂ ಅದನ್ನು ಮರೆತು ಕರುವಿನ ಹಿಂದೆ ಓಡುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ಮಕ್ಕಳ ಜಗಳವು ಮಣ್ಣಿನ ಮೇಲೆ ಬಿದ್ದ ನೀರಿನಂತೆ ತಾನೇ ಇಂಗಿ ಹೋಗುವಂಥದ್ದು. ಇಂಗದೆ ಉಳಿಯುವುದು ಹಿರಿಯರ ಮಾತು. ‘ನೋಡು, ನಿನಗಿಂತ ಸಣ್ಣಾವ ಅವಾ, ಎಷ್ಟು ಚಂದ ಓದತಾನ, ನಿನಗ ಅಷ್ಟೂ ತಿಳಿಯೂದಿಲ್ಲೇನು?’ ಎಂದು ತಾಯಿಯು ರೊಟ್ಟಿ ತಿರುವುತ್ತ ಅಂದುಬಿಡುತ್ತಾಳೆ. ಅವಳ ಮನಸ್ಸಿನಲ್ಲಿ ಹಗೆಯಿಲ್ಲ; ಅಂದದ್ದು ಅವಳಿಗೆ ನೆನಪೂ ಉಳಿಯುವುದಿಲ್ಲ. ಆದರೆ ಕೇಳಿದ ಹುಡುಗನು ಅಂದಿನಿಂದ ತಮ್ಮನನ್ನು ನೋಡುವ ನೋಟವೇ ಬೇರೆಯಾಗುತ್ತದೆ. ತಮ್ಮನೂ ಆ ಮಾತನ್ನು ಕೇಳಿರುತ್ತಾನೆ. ತನ್ನ ಗೆಲುವಿಗೆ ಅಣ್ಣನ ಸೋಲೇ ಅಳತೆಯೆಂದು ಅವನೂ ಕಲಿಯುತ್ತಾನೆ. ಇಪ್ಪತ್ತು ವರ್ಷಗಳ ಮೇಲೆ ಹೊಲದ ಪಾಲಾಗುವ ದಿನ ಮೊಳದಗಲದ ಬದುವಿಗಾಗಿ ಒಡಹುಟ್ಟಿದವರು ಕಚೇರಿಯ ಮೆಟ್ಟಿಲು ಹತ್ತಿದರೆ, ಊರವರು ಕಾಲಮಹಿಮೆಯೆಂದು ನಿಟ್ಟುಸಿರು ಬಿಡುವರು. ಕಾಲವೇನು ಮಾಡೀತು? ಬೀಜವನ್ನು ಒಲೆಯ ಮುಂದೆಯೇ ಬಿತ್ತಲಾಗಿತ್ತು.

ತನ್ನ ಮಕ್ಕಳನ್ನು ಪ್ರೀತಿಸದ ತಾಯಿತಂದೆಗಳು ವಿರಳ. ಆದರೆ ಪ್ರೀತಿಯಲ್ಲಿಯೂ ಮೋಹವೆಂಬುದೊಂದು, ಭಕ್ತಿಯೆಂಬುದೊಂದು ಉಂಟು. ಮಗನಿಂದ ಮನೆಗೆ ಬರಲಿರುವ ಕೀರ್ತಿಯನ್ನೋ ಗಳಿಕೆಯನ್ನೋ ಮೊದಲೇ ಎಣಿಸಿ, ಆ ಎಣಿಕೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುವುದು ಮೋಹ. ಕರಸ್ಥಲದ ಲಿಂಗವನ್ನು ಕಂಡು, ಅದನ್ನು ಧರಿಸಿದ ಅಂಗವನ್ನು ಉಪಚರಿಸುವುದು ಭಕ್ತಿ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದನು. ಒಂದು ದಿನ ಎಂದಿಗಿಂತಲೂ ಹೆಚ್ಚಿನ ಅಕ್ಕಿಯನ್ನು ತಂದಾಗ ಅವನ ಪತ್ನಿ ಲಕ್ಕಮ್ಮನು ಆ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿ ಕಳುಹಿಸಿದಳು. ಈ ಕಥೆಯನ್ನು ದ್ರವ್ಯದ ಆಸೆಗೆ ಮಾತ್ರ ಅನ್ವಯಿಸುವುದು ವಾಡಿಕೆ. ಆದರೆ ಮಕ್ಕಳಿಂದ ಹೆಚ್ಚಿನದನ್ನು ಬಯಸುವುದೂ ಅಂತಹ ಆಸೆಯೇ ಅಲ್ಲವೇ? ಒಬ್ಬ ಮಗನಲ್ಲಿ ಇಲ್ಲದುದನ್ನು ಇನ್ನೊಬ್ಬನಲ್ಲಿ ಕಂಡು, ಇವನಲ್ಲಿಯೂ ಅದೇ ಬೇಕೆಂದು ಹಂಬಲಿಸುವ ತಂದೆಯು ಲಕ್ಕಮ್ಮನ ಮುಂದೆ ನಿಂತರೆ ಅವಳು ಅವನನ್ನೂ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುವಳು.

ಈ ಮಾತಿಗೆ ಜೀವಂತವಾದ ದೃಷ್ಟಾಂತವು ನೆರೆಯ ಹಾನಗಲ್ಲ ತಾಲೂಕಿನಲ್ಲಿಯೇ ದೊರೆಯುವುದು. ಆ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ ಚರಂತಿಮಠ, ನೀಲಮ್ಮ ಎಂಬ ದಂಪತಿಗಳಿಗೆ ಗುರುಬಸಯ್ಯ, ಗದಿಗೆಯ್ಯ ಎಂಬ ಇಬ್ಬರು ಮಕ್ಕಳು. 1892ರಲ್ಲಿ ಜನಿಸಿದ ಗದಿಗೆಯ್ಯನಿಗೆ ಕಣ್ಣಿಲ್ಲ. ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಬಡ ಜಂಗಮರ ಮನೆ. ಕಣ್ಣುಳ್ಳ ಎರಡು ಮಕ್ಕಳನ್ನು ಸಾಕುವುದೇ ತಾಯಿಗೆ ದಿನವಿಡೀ ದಣಿವು. ಕಾಣದ ಇಬ್ಬರನ್ನು ಎಬ್ಬಿಸಿ, ಮೀಯಿಸಿ, ಶಿವದಾರವನ್ನು ಸರಿಪಡಿಸಿ, ಉಣಿಸಿ, ಒಲೆಯ ಬೆಂಕಿಯಿಂದಲೂ ಬಾವಿಯ ದಂಡೆಯಿಂದಲೂ ಕಾಯ್ದು, ಹೊಸ್ತಿಲು ಎಲ್ಲಿದೆ, ಮೆಟ್ಟಿಲು ಎಷ್ಟು ಎಂದು ಕಾಲಿನಿಂದ ಎಣಿಸಲು ಕಲಿಸುವುದು ಎಂತಹ ತಪಸ್ಸೆಂಬುದನ್ನು ಮಕ್ಕಳೊಂದಿಗರಾದ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ ನೆರೆಯವರ ನಾಲಗೆಯೊಂದು. ಹಿಂದಿನ ಜನ್ಮದ ಪಾಪವೆಂದು ಅಂದುಬಿಡುವುದು ಲೋಕಕ್ಕೆ ಎಷ್ಟು ಸುಲಭ! ಲಿಂಗವಂತರ ಬಾಯಲ್ಲಿ ಆ ಮಾತು ಬರತಕ್ಕದ್ದಲ್ಲ. ಗುರುಕರುಣೆಯಿಂದ ಪೂರ್ವಾಶ್ರಯವು ನಿರಸನವಾಯಿತೆಂದು ಒಪ್ಪಿ, ಲಿಂಗವನ್ನು ಕಟ್ಟಿಸಿ, ಮತ್ತೆ ಅದೇ ಕೂಸಿನಲ್ಲಿ ಹಿಂದಿನ ಜನ್ಮದ ಲೆಕ್ಕವನ್ನು ಹುಡುಕುವವನು ಸಂದೇಹಿಸುವುದು ಕೂಸನ್ನಲ್ಲ, ಗುರುವನ್ನು.

ಬಾಲಕರಿಬ್ಬರಿಗೂ ಗಾಯನದಲ್ಲಿ ಒಲವಿತ್ತು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳು ಅದನ್ನರಿತು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಗೂ 1909ರಲ್ಲಿ ಬದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರಕ್ಕೂ ಮೂಲಪುರುಷರಾದ ಆ ಪೂಜ್ಯರ ಕಾರ್ಯಭಾರವೆಷ್ಟೆಂಬುದು ಸರ್ವವಿದಿತವು. ಅಂಥವರು ಇಬ್ಬರು ಅಂಧ ಬಾಲಕರಿಗಾಗಿ ನಿಂತರು. ಇಲ್ಲಿ ಓದುಗರು ಗಮನಿಸತಕ್ಕ ಸಂಗತಿಯೊಂದುಂಟು: ಶ್ರೀಗಳು ಇಬ್ಬರನ್ನೂ ಕೈಹಿಡಿದರು. ಯಾರ ಕಂಠವು ಹೆಚ್ಚು ಮಧುರವೆಂದು ತೂಗಿ ನೋಡಿ, ಒಬ್ಬನನ್ನು ಆರಿಸಿ, ಇನ್ನೊಬ್ಬನನ್ನು ಮನೆಯ ಮೂಲೆಯಲ್ಲಿ ಬಿಡಲಿಲ್ಲ. ಮುಂದೆ ಗದಿಗೆಯ್ಯನು ಕರ್ನಾಟಕ, ಹಿಂದೂಸ್ತಾನಿ ಎಂಬ ಉಭಯ ಪದ್ಧತಿಗಳಲ್ಲಿಯೂ ಪಾರಂಗತನಾಗಿ, ಪಂಚಾಕ್ಷರಿ ಗವಾಯಿಗಳೆಂಬ ಹೆಸರಿನಿಂದ ನಾಡಿಗೆ ನಾಡೇ ಕೈಮುಗಿಯುವಂತಾದನು. ಗುರುಬಸಯ್ಯನ ಹೆಸರು ತಮ್ಮನ ಹೆಸರಿನಂತೆ ಬೆಳೆದು ಹಬ್ಬಲಿಲ್ಲ. ಗವಾಯಿಗಳ ಚರಿತ್ರೆಯನ್ನು ಹೇಳುವವರು ಅಣ್ಣನ ಹೆಸರನ್ನು ಒಂದು ಸಲ ಉಚ್ಚರಿಸಿ ಮುಂದೆ ಸಾಗುತ್ತಾರೆ.

ಹಾಗಾದರೆ ಆ ಅಣ್ಣನಿಗಾಗಿ ತಾಯಿಯು ಎತ್ತಿದ ಕೈತುತ್ತು ವ್ಯರ್ಥವಾಯಿತೇ? ಗುರುವು ತೋರಿದ ಕರುಣೆಯು ನಷ್ಟದ ಬಾಬತ್ತಿಗೆ ಸೇರಿತೇ? ವರ್ತಕನ ಖಾತೆಯಲ್ಲಿ ಹಾಗೆ ಬರೆಯಬಹುದು. ದಾಸೋಹಕ್ಕೆ ಖಾತೆಯೆಂಬುದಿಲ್ಲ. ಜಂಗಮನಿಗೆ ಉಣಬಡಿಸಿದ ಭಕ್ತನು ಅವನು ಉಂಡ ಮೇಲೆ ಎಷ್ಟು ದೊಡ್ಡವನಾದನೆಂದು ವಿಚಾರಿಸಲು ಹೋಗುವನೇ? ಉಣಬಡಿಸಿದ ಕ್ಷಣದಲ್ಲಿಯೇ ಅದು ಲಿಂಗಾರ್ಪಿತವಾಯಿತು. ಮತ್ತೂ ಒಂದು ಮಾತು: ಕಾಣದ ಇಬ್ಬರು ಬಾಲಕರು ಒಂದೇ ಮನೆಯಲ್ಲಿ ಬೆಳೆಯುವಾಗ ಒಬ್ಬರ ಧ್ವನಿಯೇ ಇನ್ನೊಬ್ಬರಿಗೆ ದಾರಿಯಾಗಿರದೆ ಇದ್ದೀತೇ? ಲೋಕವು ತಮ್ಮನ ಗಾಯನವನ್ನು ಕೇಳುವ ಮೊದಲು ಅದನ್ನು ಮಗ್ಗುಲಲ್ಲಿ ಕುಳಿತು ಕೇಳಿದವನು ಅಣ್ಣನೇ ಇರಬೇಕು.

ಗವಾಯಿಗಳು ತಾವು ಪಡೆದ ಕರುಣೆಯನ್ನು ಸಾಲವೆಂದು ತಿಳಿಯದೆ ಪ್ರಸಾದವೆಂದು ತಿಳಿದರು. ಪ್ರಸಾದವನ್ನು ಹಂಚಿ ಉಣ್ಣುವುದು ಧರ್ಮ. ಅಂಧ ಬಾಲಕರನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಕಟ್ಟಿಕೊಂಡು, ಅವರ ಊಟ ವಸತಿ ವಿದ್ಯೆಗಳ ಭಾರವನ್ನು ಹೊತ್ತು, ಊರಿಂದೂರಿಗೆ ಸಂಚರಿಸುತ್ತ ಸಂಗೀತ ಪಾಠಶಾಲೆಯನ್ನು ನಡೆಯಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ದಾಸೋಹದ ಫಲವು. 1914ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರು ಅವರ ಮಡಿಲಲ್ಲಿ ಬೆಳೆದು, 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ತಾಯಿತಂದೆಗಳಾಗಿದ್ದರು.

ಇದನ್ನೆಲ್ಲ ಕೇಳಿದ ಗೃಹಸ್ಥನು ಒಂದು ಆಕ್ಷೇಪವನ್ನು ಎತ್ತಬಹುದು. ‘ಬುದ್ಧೀ, ಚೆನ್ನಾಗಿ ಓದುವವನನ್ನು ಹೊಗಳದಿದ್ದರೆ, ಓದದವನನ್ನು ಬೈಯದಿದ್ದರೆ ಮಕ್ಕಳು ದಾರಿಗೆ ಬರುವುದೆಂತು?’ ಆಕ್ಷೇಪವು ತೆಗೆದುಹಾಕತಕ್ಕದ್ದಲ್ಲ. ತಪ್ಪು ಮಾಡಿದ ಮಗನನ್ನು ತಿದ್ದಲೇಬೇಕು. ಆದರೆ ಅವನ ತಪ್ಪನ್ನು ಅವನ ತಪ್ಪಿನಿಂದಲೇ ತೋರಿಸಬೇಕು, ತಮ್ಮನ ಗುಣವನ್ನು ಬೆತ್ತವನ್ನಾಗಿ ಹಿಡಿಯಬಾರದು. ಅಕ್ಷರ ಹತ್ತದ ಹುಡುಗನ ಕೈಯಲ್ಲಿ ಬೇರೆ ಯಾವ ಕಾಯಕವಿದೆಯೆಂದು ತಂದೆಯು ತಾಳ್ಮೆಯಿಂದ ನೋಡಬೇಕು. ನುಲಿಯ ಚಂದಯ್ಯನು ಹಗ್ಗ ಹೊಸೆದನು, ಅಂಬಿಗರ ಚೌಡಯ್ಯನು ದೋಣಿ ನಡೆಯಿಸಿದನು. ಶರಣರ ಗೋಷ್ಠಿಯಲ್ಲಿ ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹೀಯಾಳಿಸುವ ಪದ್ಧತಿ ಇರಲಿಲ್ಲ. ತನ್ನಿಂದ ಕಲಿಸಲಾಗದುದನ್ನು ಬಲ್ಲವರ ಕೈಗೆ ಒಪ್ಪಿಸುವುದಕ್ಕೂ ತಂದೆಯು ನಾಚಬೇಕಾಗಿಲ್ಲ. ಹುಲಗೂರಿನ ಖಾದರಿ ಪೀರರ ಭಕ್ತನಾಗಿದ್ದ ಶಿಶುನಾಳದ ಇಮಾಮ ಸಾಹೇಬನ ಮಗ ಶರೀಫನು (1819–1889) ಕಳಸದ ಗೋವಿಂದಭಟ್ಟರ ಶಿಷ್ಯನಾಗಿ ಬೆಳೆದುದನ್ನು ಆ ಸೀಮೆಯವರೆಲ್ಲ ಬಲ್ಲರು.

ಇಬ್ಬರು ಹುಡುಗರಿರುವ ಮನೆಯಲ್ಲಿ ಭೇದವು ತಾನಾಗಿಯೇ ಬರುವ ಸಂದರ್ಭವೊಂದುಂಟು. ಹಿರಿಯನಿಗೆ ದೀಕ್ಷೆಯ ವಯಸ್ಸು ಮೊದಲು ಬರುತ್ತದೆ. ಅವನು ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜೆಗೆ ಕೂಡುವುದನ್ನು ಕಂಡು ಕಿರಿಯನು ತನಗೂ ಈಗಲೇ ಬೇಕೆಂದು ಹಟ ಹಿಡಿಯುತ್ತಾನೆ. ಆಗ ಅವನನ್ನು ಗದರಿಸಿ ಹೊರಗೆ ಕಳುಹಿಸಕೂಡದು. ‘ನಿನ್ನ ಕೊರಳಾಗಿರೂದೂ ಅದೇ ಲಿಂಗ, ತಮ್ಮಾ, ಅಣ್ಣನ ವಯಸ್ಸು ನಿನಗೂ ಬರತೈತಿ’ ಎಂದು ತಾಯಿಯು ಹೇಳಿ, ಪತ್ರಿಯನ್ನು ಬಿಡಿಸಿ ತರುವ, ಅಗ್ಘವಣಿಯ ಗಿಂಡಿಯನ್ನು ತುಂಬಿ ಇಡುವ ಕೆಲಸವನ್ನು ಅವನಿಗೆ ವಹಿಸಲಿ. ಅಣ್ಣನು ಪೂಜೆ ಮುಗಿಸಿ ಏಳುವಾಗ ಮೊದಲ ಪ್ರಸಾದವನ್ನು ತನ್ನ ಕೈಯಿಂದಲೇ ತಮ್ಮನಿಗೆ ಕೊಡಲಿ.