ಎದುರಾಳಿಯ ಅಂಗಡಿಯಲ್ಲಿ

ನಾವು ಹುಡುಗರಾಗಿದ್ದಾಗ ರೈಲು ಹಳಿ ಮಾರಿಕುಪ್ಪಂಗೆ ಬಂದು ಮುಗಿದುಹೋಗುತ್ತಿತ್ತು. ಬಂಗಾರಪೇಟೆಯಿಂದ ಬಂದ ಗಾಡಿ ಅಲ್ಲಿಂದಲೇ ಹಿಂದಿರುಗಬೇಕು. ನಿಲ್ದಾಣದ ಹೊರಗೆ ಒಂದು ಚಹಾದಂಗಡಿ, ಅದಕ್ಕೆ ಅಂಟಿಕೊಂಡಂತೆ ಅಬ್ಬಾನ ಹೊಲಿಗೆ ಅಂಗಡಿ. ಶಾಲೆ ಬಿಟ್ಟ ಮೇಲೆ ಗುಂಡಿ ಹಚ್ಚುವ ಕೆಲಸ ನಮ್ಮದು. ಚಹಾದಂಗಡಿಯ ಬೆಂಚಿನ ಮೇಲೆ ದಿನವೂ ಕೂರುತ್ತಿದ್ದ ಒಬ್ಬ ಮುದುಕರನ್ನು ಎಲ್ಲರೂ ‘ಕಾಮ್ರೇಡ್ ತಾತ’ ಎನ್ನುತ್ತಿದ್ದರು. ಮೂವತ್ತು ವರ್ಷ ಗಣಿಯೊಳಗೆ ಇಳಿದವರು. ಕೆಂಪು ಬಾವುಟದ ಯೂನಿಯನ್ನಿನವರು. ನಮ್ಮ ಉರ್ದು ಮತ್ತು ಕನ್ನಡ ನೋಟ್‌ಬುಕ್ಕುಗಳಿಗೆ ಹೊದಿಸುತ್ತಿದ್ದ ನುಣುಪು ಕಾಗದದ ಸೋವಿಯತ್ ಪತ್ರಿಕೆಗಳು ಬರುತ್ತಿದ್ದುದು ಅವರ ಮನೆಯಿಂದ. ಟ್ರ್ಯಾಕ್ಟರ್ ಮೇಲೆ ನಗುವ ಹೆಂಗಸರು, ಹೊಗೆ ಉಗುಳುವ ಚಿಮಣಿಗಳು, ಆ ಚಿತ್ರಗಳ ಒಳಗೆ ನಮ್ಮ ಗಣಿತದ ತಪ್ಪುಗಳು.

ನಾವು ಡಿಗ್ರಿಗೆ ಸೇರಿದ ವರ್ಷ ಅವರು ಒಂದು ಪ್ರಶ್ನೆ ಕೇಳಿದರು. “ತಂಬಿ, ಮಾವೋ ಅಮೆರಿಕದವನ ಹತ್ರ ಗೊಬ್ಬರದ ಫ್ಯಾಕ್ಟರಿ ತಗೊಂಡ. ಆವತ್ತು ಇದೇ ಬೆಂಚಿನ ಮೇಲೆ ಕೈಕೈ ಮಿಲಾಯಿಸೋವಷ್ಟು ಜಗಳ ಆಯ್ತು. ಸರಿಯಾ, ತಪ್ಪಾ? ನಿಮ್ಮ ಕಾಲೇಜಲ್ಲಿ ಏನು ಹೇಳ್ತಾರೆ?” ಕಾಲೇಜಿನಲ್ಲಿ ಏನೂ ಹೇಳುತ್ತಿರಲಿಲ್ಲ. ನಾವು ಗುಂಡಿ ಹಚ್ಚುತ್ತ ಸುಮ್ಮನಿದ್ದೆವು. ಆ ಪ್ರಶ್ನೆ ಇನ್ನೂ ನಮ್ಮ ಬಳಿಯೇ ಉಳಿದಿದೆ.

ನಡೆದದ್ದು ಇಷ್ಟು. 1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ ಹೋಗಿಬಂದರು. ಅದರ ಬೆನ್ನಿಗೇ ಚೀನಾ 13 ಬೃಹತ್ ಅಮೋನಿಯಾ-ಯೂರಿಯಾ ಕಾರ್ಖಾನೆಗಳನ್ನು ಹೊರದೇಶಗಳಿಂದ ಕೊಂಡಿತು. ಎಂಟು ಅಮೋನಿಯಾ ಘಟಕಗಳ ಗುತ್ತಿಗೆ ಅಮೆರಿಕದ ಕೆಲಾಗ್ ಕಂಪನಿಗೆ ಹೋಯಿತು. ಉಳಿದವು ಜಪಾನ್, ಫ್ರಾನ್ಸ್, ಹಾಲೆಂಡ್‌ಗಳ ಪಾಲಾದವು. ದೊಡ್ಡ ಘಟಕವೊಂದರ ಸಾಮರ್ಥ್ಯ ದಿನಕ್ಕೆ 1000 ಟನ್ ಅಮೋನಿಯಾ. ಅಷ್ಟು ವರ್ಷ ‘ಸ್ವಂತ ಕಾಲ ಮೇಲೆ ನಿಲ್ಲು’ ಎಂದು ಗೋಡೆಗೋಡೆಯ ಮೇಲೆ ಬರೆಸಿದ್ದ ದೇಶ ಅದು. ಜಿಲ್ಲೆಜಿಲ್ಲೆಗೂ ಸಣ್ಣ ಕಾರ್ಖಾನೆ ಕಟ್ಟಿ, ಕಲ್ಲಿದ್ದಲಿನಿಂದ ಅಮೋನಿಯಂ ಬೈಕಾರ್ಬೊನೇಟ್ ಎಂಬ ಗೊಬ್ಬರ ಮಾಡುತ್ತಿತ್ತು. ಅದರ ಮೂಟೆ ಬಿಚ್ಚಿದರೆ ಮೂಗಿಗೆ ಬಡಿಯುವ ವಾಸನೆ. ಆ ವಾಸನೆಯ ಜೊತೆಗೇ ಗೊಬ್ಬರದ ಸಾರವೂ ಗಾಳಿಗೆ ಹೋಗುತ್ತಿತ್ತು.

ಚಹಾದಂಗಡಿಯ ಒಂದು ಗುಂಪು ಹೇಳಿದ್ದು, ತಾತ ನೆನಪಿಸಿಕೊಂಡಂತೆ, ಹೀಗೆ: ವಿಯೆಟ್ನಾಮಿನ ಮೇಲೆ ಬಾಂಬು ಹಾಕುವವನಿಗೆ ಲಾಭ ಮಾಡಿಕೊಡುವುದು ದ್ರೋಹ. ಇನ್ನೊಂದು ಗುಂಪಿನ ಮಾತು: ಹೊಟ್ಟೆಗೆ ಬಣ್ಣವಿಲ್ಲ. ನಾವು ಎರಡನೆಯ ಗುಂಪಿನ ಕಡೆಗೇ ವಾಲುತ್ತೇವೆ. 1959ರಿಂದ 1961ರವರೆಗೆ ಚೀನಾದಲ್ಲಿ ಬಿದ್ದ ಬರಗಾಲದಲ್ಲಿ ಸತ್ತವರ ಲೆಕ್ಕ ಕೋಟಿಗಳಲ್ಲಿದೆ. ಅದರಲ್ಲಿ ದೊಡ್ಡ ಪಾಲು ಆಳುವವರ ಹಟದಿಂದಲೇ ಬಂದದ್ದು. ಹಾಗೆ ಹಸಿದ ಜನರ ಮುಂದೆ ‘ಇದು ಬಂಡವಾಳಶಾಹಿಯ ಯೂರಿಯಾ, ಮುಟ್ಟಬೇಡಿ’ ಎನ್ನುವ ಶುದ್ಧತೆ ನಮಗೆ ಅರ್ಥವಾಗುವುದಿಲ್ಲ. ಮಡಿ ಎಂಬುದು ಧರ್ಮದವರಲ್ಲಿ ಮಾತ್ರ ಇರುತ್ತದೆಂದು ತಿಳಿದವರು ರಾಜಕೀಯ ಪಕ್ಷಗಳ ಸಭೆಗಳಲ್ಲಿ ಒಮ್ಮೆ ಕುಳಿತುಬರಬೇಕು.

ಆದರೆ ಈ ವಾದವನ್ನು ಹೀಗೇ ಬಿಟ್ಟರೆ ಅದು ಎಲ್ಲವನ್ನೂ ಮಾಫಿ ಮಾಡಿಬಿಡುತ್ತದೆ. ಚೀನಾಕ್ಕಿಂತ ನಲವತ್ತು ವರ್ಷ ಮೊದಲೇ ಸೋವಿಯತ್ ಒಕ್ಕೂಟ ಇದೇ ಅಂಗಡಿಗೆ ಹೋಗಿತ್ತು. ಯೂನಿಯನ್ ಎಂಬ ಪದವನ್ನೇ ಸಹಿಸದ ಹೆನ್ರಿ ಫೋರ್ಡ್, ಕಾರ್ಮಿಕರ ರಾಜ್ಯಕ್ಕೆ ಮೋಟಾರು ಕಾರ್ಖಾನೆಯ ವಿದ್ಯೆ ಮಾರಲು 1929ರಲ್ಲಿ ಒಪ್ಪಂದ ಮಾಡಿಕೊಂಡರು. ಸ್ಟಾಲಿನ್‌ಗ್ರಾಡಿನ ಟ್ರ್ಯಾಕ್ಟರ್ ಕಾರ್ಖಾನೆಯ ನಕ್ಷೆ ಡೆಟ್ರಾಯಿಟ್‌ನ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಅವರ ಕಚೇರಿಯದು. ಮ್ಯಾಗ್ನಿಟೊಗೊರ್ಸ್ಕ್ ಉಕ್ಕಿನ ಕಾರ್ಖಾನೆಗೆ ಕ್ಲೀವ್‌ಲ್ಯಾಂಡಿನ ಮೆಕೀ ಕಂಪನಿ ನಕ್ಷೆ ಮಾಡಿತು. ನಮ್ಮ ನೋಟ್‌ಬುಕ್ಕಿನ ಹೊದಿಕೆಯ ಮೇಲೆ ನಗುತ್ತಿದ್ದ ಟ್ರ್ಯಾಕ್ಟರಿನ ವಂಶವೃಕ್ಷ ಅಮೆರಿಕದಲ್ಲಿತ್ತು ಎಂದು ತಿಳಿದಾಗ ನಮಗೆ ನಗು ಬಂದಿತ್ತು. ಅದಕ್ಕೆ ಕೊಟ್ಟ ಹಣ ಎಲ್ಲಿಯದು ಎಂದು ಓದಿದ ಮೇಲೆ ನಗು ಉಳಿಯಲಿಲ್ಲ. ಡಾಲರ್ ಬೇಕಿತ್ತು, ಡಾಲರಿಗಾಗಿ ರೈತರಿಂದ ಗೋಧಿ ಕಿತ್ತು ಹೊರದೇಶಕ್ಕೆ ಮಾರಿದರು. 1932-33ರಲ್ಲಿ ಉಕ್ರೇನ್, ಕಜಾಕಸ್ತಾನಗಳ ಹಳ್ಳಿಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಧಾನ್ಯದ ರಫ್ತು ಪೂರ್ತಿ ನಿಲ್ಲಲಿಲ್ಲ.

ಒಬ್ಬರು ಅನ್ನಕ್ಕಾಗಿ ಕಾರ್ಖಾನೆ ಕೊಂಡರು, ಇನ್ನೊಬ್ಬರು ಕಾರ್ಖಾನೆಗಾಗಿ ಅನ್ನ ಮಾರಿದರು. ಎರಡೂ ಕಡೆ ಅಂಗಡಿ ಒಂದೇ, ಅಂಗಡಿಕಾರನೂ ಹೆಚ್ಚುಕಡಿಮೆ ಒಬ್ಬನೇ. ಹಾಗಾದರೆ ಯಾರಿಂದ ಕೊಂಡರು ಎಂಬುದರಲ್ಲಿ ಸರಿತಪ್ಪು ಹುಡುಕುವುದು ದಾರಿ ತಪ್ಪಿದ ಹಾಗೆ. ನಮ್ಮ ದೇಶವೇ ಭಿಲಾಯಿಯನ್ನು ರಷ್ಯನ್ನರಿಂದ, ರೂರ್ಕೆಲವನ್ನು ಜರ್ಮನರಿಂದ, ದುರ್ಗಾಪುರವನ್ನು ಬ್ರಿಟಿಷರಿಂದ ಕಟ್ಟಿಸಿಕೊಂಡಿತು. ಉಕ್ಕು ಉಕ್ಕೇ ಆಯಿತು.

ಇಷ್ಟಾದರೂ ತಾತನ ಪ್ರಶ್ನೆ ಮುಗಿಯಲಿಲ್ಲ. ಅವರು ಕೇಳಿದ್ದು ಚೀನಾದ ಬಗ್ಗೆ, ಮನಸ್ಸಿನಲ್ಲಿದ್ದುದು ಮಾರಿಕುಪ್ಪಂ. ಇದು ನಮಗೆ ಹೊಳೆದದ್ದು ತಡವಾಗಿ.

ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ 1880ರಲ್ಲಿ ಇಲ್ಲಿಯ ಗಣಿಗಳ ಆಡಳಿತ ಹಿಡಿಯಿತು. 1902ರಲ್ಲಿ ಈ ಗಣಿಗಳಿಗಾಗಿಯೇ ಮೈಸೂರು ಸಂಸ್ಥಾನವು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಜನರೇಟರುಗಳನ್ನೂ ಸ್ವಿಟ್ಜರ್ಲೆಂಡಿನ ಟರ್ಬೈನುಗಳನ್ನೂ ತರಿಸಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆಸಿತು. ಮಹಾರಾಜರೂ ಹೊರಗಿನ ಅಂಗಡಿಗೆ ಹೋದವರೇ. ಬೆವರು ಮಾತ್ರ ಇಲ್ಲಿಯದು. ಉತ್ತರ ಆರ್ಕಾಟಿನಿಂದ ಬಂದ ದಲಿತ ಕುಟುಂಬಗಳು ತಟ್ಟಿ ಮನೆಗಳಲ್ಲಿದ್ದು ಬಂಡೆ ಕೊರೆದವು. ಬೆರಳಚ್ಚು ಕೊಡುವುದಿಲ್ಲವೆಂದು 1930ರಲ್ಲಿ ಮುಷ್ಕರ ಹೂಡಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಕೆಂಪು ಬಾವುಟದವರ ಬೇಡಿಕೆಗಳಲ್ಲಿ ದೊಡ್ಡದು ಗಣಿ ರಾಷ್ಟ್ರೀಕರಣ. 1956ರಲ್ಲಿ ಅದೂ ಆಯಿತು. ಮೈಸೂರು ಸರ್ಕಾರ ಪರಿಹಾರ ಕೊಟ್ಟು ಗಣಿಗಳನ್ನು ವಹಿಸಿಕೊಂಡಿತು.

“ಆವತ್ತು ರಾತ್ರಿ ಪಟಾಕಿ ಹೊಡೆದ್ವಿ,” ಎನ್ನುತ್ತಿದ್ದರು ತಾತ. “ಬೆಳಿಗ್ಗೆ ಅದೇ ಹೂಟರ್ ಕೂಗ್ತು. ಅದೇ ಕೇಜ್‌ನಲ್ಲಿ ಇಳಿದ್ವಿ. ಒಳಗೆ ಕತ್ತಲೆಗೆ ಗೊತ್ತಾಗಲಿಲ್ಲ ತಂಬಿ, ಧಣಿ ಬದಲಾದ ಅಂತ.” ಇಷ್ಟು ಹೇಳುವಾಗ ಎರಡು ಸಲ ಕೆಮ್ಮು ಬರುತ್ತಿತ್ತು. ಕಲ್ಲಿನ ಧೂಳು ಎದೆಯಲ್ಲಿ ಕೂತ ಕೆಮ್ಮು ಎಂಥದೆಂದು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ.

ಕಾರ್ಖಾನೆ ಕೊಳ್ಳುವವನು ಬರೀ ಕಬ್ಬಿಣ ಕೊಳ್ಳುವುದಿಲ್ಲ. ಎಷ್ಟು ನಿಮಿಷಕ್ಕೆ ಎಷ್ಟು ಕೆಲಸ, ಯಾರು ಯಾರಿಗೆ ಸಲಾಮು ಹೊಡೆಯಬೇಕು, ಉಳಿದ ಕಸ ಎಲ್ಲಿ ಸುರಿಯಬೇಕು ಎಂಬುದೂ ಅದರ ಜೊತೆಗೇ ಬರುತ್ತದೆ. ಕೆಲಸಗಾರನ ಪ್ರತಿ ಚಲನೆಯನ್ನೂ ಗಡಿಯಾರದಿಂದ ಅಳೆಯುವ ಅಮೆರಿಕದ ಟೇಲರ್ ಪದ್ಧತಿಯನ್ನು (ಇವನು ಬೇರೆ ಟೇಲರ್) ಕಲಿಯಬೇಕೆಂದು 1918ರಲ್ಲಿ ಸ್ವತಃ ಲೆನಿನ್ ಬರೆದಿದ್ದರು. ಯಂತ್ರದ ಜೊತೆ ಬಂದ ಈ ಅಭ್ಯಾಸಗಳನ್ನು ಒಂದೊಂದಾಗಿ ಪರೀಕ್ಷಿಸಿ ಬೇಡವಾದುದನ್ನು ಬಿಡಬಹುದು. ಆದರೆ ಕೊಂಡವನಿಗೆ ಆ ಪುರುಸೊತ್ತು ಇರುವುದಿಲ್ಲ. ‘ಇನ್ನು ಇದು ನಮ್ಮದು’ ಎಂಬ ಮಾತಿನಲ್ಲೇ ಅವನು ಪವಿತ್ರನಾಗಿಬಿಟ್ಟಿರುತ್ತಾನೆ. ಕೇಳುವವರು ಯಾರು? ಧಣಿಯನ್ನು ಕೇಳಲು ಯೂನಿಯನ್ ಇತ್ತು. ಜನರದೇ ಸರ್ಕಾರ ಎಂದ ಮೇಲೆ ಪ್ರಶ್ನೆ ಕೇಳುವವನೇ ಜನವಿರೋಧಿ.

ವಿಷಕ್ಕೆ ಈ ಭೇದ ತಿಳಿಯದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ್ದು ಅಮೆರಿಕದ ಕಂಪನಿಯ ಕಾರ್ಖಾನೆ. 2005ರ ನವೆಂಬರ್ 13ರಂದು ಚೀನಾದ ಜಿಲಿನ್‌ನಲ್ಲಿ ಸಿಡಿದದ್ದು ಸರ್ಕಾರದ್ದೇ ಕಾರ್ಖಾನೆ. ಅದರ ಬೆಂಜೀನ್ ಸೊಂಗ್ಹುವಾ ನದಿಗೆ ಸೇರಿತು. ನದಿಗೆ ವಿಷ ಬಿದ್ದಿದೆ ಎಂಬ ಮಾತನ್ನು ಮೊದಲ ದಿನಗಳಲ್ಲಿ ಮುಚ್ಚಿಟ್ಟರು. ನಂತರ ಹಾರ್ಬಿನ್ ಎಂಬ ಮಹಾನಗರಕ್ಕೆ ದಿನಗಟ್ಟಲೆ ನಲ್ಲಿ ನೀರು ನಿಲ್ಲಿಸಬೇಕಾಯಿತು. ಒಂದು ಕಡೆ ಲಾಭದ ಹೆಸರು, ಇನ್ನೊಂದು ಕಡೆ ಜನರ ಹೆಸರು. ಸುಳ್ಳು ಹೇಳಿದ ರೀತಿ ಒಂದೇ.

ನಮ್ಮ ಊರಿಗೆ ಬಂದ ರಾಸಾಯನಿಕ ಸೈನೈಡ್. 1887ರಲ್ಲಿ ಗ್ಲಾಸ್ಗೋದ ಮ್ಯಾಕ್ಆರ್ಥರ್ ಎಂಬ ರಸಾಯನ ತಜ್ಞರೂ ಫಾರೆಸ್ಟ್ ಎಂಬ ವೈದ್ಯ ಸಹೋದರರೂ ಕಂಡುಹಿಡಿದ ವಿದ್ಯೆ. ಅದಿರನ್ನು ಹಿಟ್ಟಿನಂತೆ ಪುಡಿಮಾಡಿ ತೆಳುವಾದ ಸೈನೈಡ್ ನೀರಿನಲ್ಲಿ ಇಟ್ಟರೆ ಚಿನ್ನ ಕರಗಿ ನೀರಿಗೆ ಬರುತ್ತದೆ. ಆ ನೀರಿನಿಂದ ಚಿನ್ನ ಬೇರೆ ಮಾಡಿಕೊಂಡು ಕೆಸರನ್ನು ಹೊರಗೆ ಸುರಿಯುವುದು. ಹಾಗೆ ಸುರಿದದ್ದೇ ಇಂದಿನ ಸೈನೈಡ್ ಗುಡ್ಡಗಳು. ಬ್ರಿಟಿಷರೂ ಸುರಿದರು, 1956ರ ನಂತರ ಮೈಸೂರು ಸರ್ಕಾರ, 1962ರ ನಂತರ ಕೇಂದ್ರ ಸರ್ಕಾರ, 1972ರ ನಂತರ ಭಾರತ್ ಗೋಲ್ಡ್ ಮೈನ್ಸ್ ಕೂಡ ಅಲ್ಲೇ ಸುರಿಯಿತು. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಯಾರದು ಎಂಬುದಕ್ಕೆ ಆಯಾ ಕಾಲದಲ್ಲಿ ಹಕ್ಕುದಾರರು ಸ್ಪಷ್ಟವಾಗಿ ಇದ್ದರು. ಗುಡ್ಡ ಯಾರದು ಎಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಬಹುದು. ಲಂಡನ್ನಿನವರನ್ನಂತೂ ಈಗ ಕೇಳುವ ಹಾಗಿಲ್ಲ.

ಇದು ನಮಗೆ ಬರೀ ಆಡಳಿತದ ಲೋಪವಾಗಿ ಕಾಣುವುದಿಲ್ಲ. ಮನೆ ಕೊಂಡವನು ಅದರ ಮೇಲಿನ ಸಾಲ ನನ್ನದಲ್ಲ ಎನ್ನಲಾರ, ಕಾಗದಪತ್ರ ನೋಡಿಯೇ ಕೊಳ್ಳುತ್ತಾನೆ. ರಾಜ್ಯವೊಂದು ಕಾರ್ಖಾನೆ ಕೊಂಡಾಗ ಕಾರ್ಮಿಕನ ಶ್ವಾಸಕೋಶದ ಸಾಲ, ನೆಲದ ಸಾಲ ಯಾವ ಕಾಗದದಲ್ಲೂ ಇರುವುದಿಲ್ಲ. ಅದನ್ನು ಬರೆಸದೆ ಕೊಂಡ ಸಮಾಜವಾದ, ಬರೆಸದೆ ಮಾರಿದ ಬಂಡವಾಳಕ್ಕಿಂತ ಯಾವ ಲೆಕ್ಕದಲ್ಲಿ ಮೇಲು? ತಾತನಿಗೆ ಈ ಮಾತು ಹೇಳಿದ್ದರೆ ಸಿಟ್ಟಾಗುತ್ತಿದ್ದರೇನೋ. ಬಹುಶಃ ಆಗುತ್ತಿರಲಿಲ್ಲ. ಚೀನಾದ ಯೂರಿಯಾಕ್ಕೂ ಇದೇ ಲೆಕ್ಕ: ಕೋಟ್ಯಂತರ ಜನ ಉಂಡರು, ಅದು ನಿಜವಾದ ಪುಣ್ಯ. ಹೊಲಗಳಿಗೆ ಮಿತಿಮೀರಿ ಸುರಿದ ಗೊಬ್ಬರ ಕೆರೆಗಳಿಗೆ ಹರಿಯಿತು. 2007ರಲ್ಲಿ ತಾಯ್ಹು ಸರೋವರ ಹಸಿರು ಪಾಚಿಯಿಂದ ಕೊಳೆತು ವೂಶಿ ನಗರದವರು ಬಾಟಲಿ ನೀರಿಗೆ ಸಾಲು ನಿಂತರು. ಕಾರ್ಖಾನೆಗಳ ಕೊಳಚೆಯ ಜೊತೆ ಈ ಗೊಬ್ಬರಕ್ಕೂ ಅದರಲ್ಲಿ ಪಾಲಿತ್ತು.

2024ರ ಜೂನ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಸುಮಾರು 1003 ಎಕರೆಯಲ್ಲಿ ಹರಡಿರುವ 13 ಗುಡ್ಡಗಳಲ್ಲಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡಗಳಲ್ಲಿರುವುದು 3 ಕೋಟಿ ಟನ್ನಿಗೂ ಹೆಚ್ಚು ಮಣ್ಣು. ಕೆಲಸ ಸಿಗುತ್ತದೆ ಎಂದು ಊರಿನಲ್ಲಿ ಸಂತೋಷಪಟ್ಟವರಿದ್ದರು. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಗಣಿ ಮುಚ್ಚಿದ ಮೇಲೆ ಇಲ್ಲಿಯ ಎರಡು ತಲೆಮಾರು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಿದೆ.

ತಾತನ ಮೊಮ್ಮಗಳೂ ಅದೇ ರೈಲಿನವಳು. ಬಂಗಾರಪೇಟೆ ನಿಲ್ದಾಣದಲ್ಲಿ ಸಿಕ್ಕಾಗ ನಾವೇ ಆ ಸುದ್ದಿ ಎತ್ತಿದೆವು. ಅವಳು ಯಾವ ಸರ್ಕಾರ, ಯಾವ ಕಂಪನಿ ಎಂದು ಕೇಳಲಿಲ್ಲ. ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡು, ಗಾಡಿ ಬರುವ ಕಡೆ ನೋಡುತ್ತ ಕೇಳಿದಳು: “ಭಾಯ್, ಚಿನ್ನ ತೆಗೆದ ಮೇಲೆ ಉಳಿಯೋ ಮಣ್ಣನ್ನ ಎಲ್ಲಿ ಹಾಕ್ತಾರಂತೆ?”